ವೈನಿಯ ಎದೆಯ ಸಪ್ಪಳ

‘ಇವತ್ತಿಗೆ ಇನ್ನೂರ ಹತ್ತು ಹೆಂಗಸರ ಎದೆಗೆ ಕಿವಿಗೊಟ್ಟದ್ದಾಯಿತು. ಡಾಕ್ಟರು ಹೇಳಿದ ಆ ಕೆಟ್ಟ ಸಪ್ಪಳ ಒಬ್ಬರಲ್ಲಿಯೂ ಸಿಕ್ಕಿಲ್ಲ. ಅದು ಇಲ್ಲದ್ದಕ್ಕೆ ಸಿಕ್ಕಿಲ್ಲವೋ, ನನಗೆ ಕೇಳಲು ಬಾರದ್ದಕ್ಕೆ ಸಿಕ್ಕಿಲ್ಲವೋ?’

ಇಷ್ಟು ಬರೆದು ಶಾಮಲಾ ದಿನಚರಿ ಮುಚ್ಚಿದಳು. ಟ್ರಂಕಿನ ತಳದಲ್ಲಿ, ಬಿ.ಎ. ಪದವಿಯ ಕಾಗದದ ಕೆಳಗೆ, ಅದರ ಜಾಗ. ಮನೆಯಲ್ಲಿ ಆ ಪದವಿಯ ಕಾಗದವನ್ನು ಎತ್ತಿ ನೋಡುವವರು ಯಾರೂ ಇರಲಿಲ್ಲವಾದ್ದರಿಂದ ದಿನಚರಿಯೂ ಅಲ್ಲಿ ಸುರಕ್ಷಿತವಾಗಿತ್ತು.

ಧಾರವಾಡದ ಕಡೆಯಿಂದ ಬಂದು ಪುಣೆಯ ಶುಕ್ರವಾರ ಪೇಟೆಯಲ್ಲಿ ನೆಲೆಸಿದ ನಾಲ್ಕಾರು ಮನೆಗಳಲ್ಲಿ ಕಾಲೇಜು ಮುಗಿಸಿದ ಮೊದಲ ಹುಡುಗಿ ಅವಳು. ಓದು ಬಂತು, ಮಾತು ಬರಲಿಲ್ಲ. ನಾಲ್ಕು ಜನ ತನ್ನ ಕಡೆ ನೋಡಿದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ತಾಯಿ ರಾಧಾಬಾಯಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು: “ಕಾಲೇಜಿನಾಗ ಎಲ್ಲಾ ಕಲಿಸ್ಯಾರ ನೋಡ್ರಿ, ಬಾಯಿ ತಗಿಯೂದೊಂದು ಬಿಟ್ಟು.”

ಅಂಥವಳಿಗೆ ೧೯೩೬ರ ಬೇಸಿಗೆಯಲ್ಲಿ ಸಿಕ್ಕ ಕೆಲಸವೆಂದರೆ ಮನೆಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸುವುದು. ಡಾಕ್ಟರ್ ಹರಿಶ್ಚಂದ್ರರಾಯರು ಮೂಲತಃ ಬೆಳಗಾವಿಯವರು, ವಿಲಾಯತಿಗೆ ಹೋಗಿ ಬಂದವರು. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದವರಿಗೆ ಮುಂದೆ ಹೃದಯ ಕೆಡುವುದುಂಟು. ಅಂಥವರು ಪುಣೆಯಲ್ಲಿ ನೂರಕ್ಕೆ ಎಷ್ಟಿದ್ದಾರೆಂದು ಎಣಿಸಲು ಅವರು ಹೊರಟಿದ್ದರು. ಅದು ಥಂಡಿ ದೇಶದ ರೋಗ, ಬಿಸಿಲಿನ ದೇಶದಲ್ಲಿಲ್ಲ ಎಂದು ಅವರು ಓದಿದ ಪುಸ್ತಕಗಳು ಹೇಳುತ್ತಿದ್ದವು. ಇಲ್ಲಿಯೂ ಇದೆಯೆಂದು ತೋರಿದರೆ, ಹೆಂಗಸರಿಗಾಗಿ ಹನ್ನೆರಡು ಹಾಸಿಗೆಯ ಒಂದು ವಾರ್ಡು ಕಟ್ಟಿಸುವುದಾಗಿ ಊರಿನ ಒಂದು ಧರ್ಮಾರ್ಥ ಮಂಡಳಿ ಮಾತು ಕೊಟ್ಟಿತ್ತು. ಜನ ಈ ಎಣಿಕೆಗೆ ಮರಾಠಿಯಲ್ಲಿ ‘ಪಾಹಣಿ’ ಎಂದರು. ಗಂಡಸು ಡಾಕ್ಟರು ಎದೆ ಮುಟ್ಟುವುದನ್ನು ಪೇಟೆಯ ಹೆಂಗಸರು ಒಪ್ಪುತ್ತಿರಲಿಲ್ಲ. ಹೆಣ್ಣು ಡಾಕ್ಟರರಿಗೆ ಬಾಗಿಲು ಬಾಗಿಲು ಅಲೆಯಲು ಪುರಸೊತ್ತಿರಲಿಲ್ಲ. ಹೀಗಾಗಿ ಮರಾಠಿ ಕನ್ನಡ ಎರಡೂ ಬಲ್ಲ, ಒಳ್ಳೆಯ ಮನೆತನದ, ಕಲಿತ ಹುಡುಗಿ ಬೇಕಾಯಿತು.

ಕಲಿಸಿದ್ದು ಹತ್ತು ನಿಮಿಷ. ದವಾಖಾನೆಯ ಮಂಚದ ಮೇಲೆ ಒಬ್ಬ ರೋಗಿ ಹೆಂಗಸು ಮಲಗಿದ್ದಳು. ಸುತ್ತ ಆರು ಜನ ವಿದ್ಯಾರ್ಥಿಗಳು, ಎಲ್ಲ ಗಂಡಸರು.

“ಒಳ್ಳೆ ಎದಿ ಎರಡ ಮಾತು ಆಡತದ,” ಎಂದರು ಡಾಕ್ಟರು. “ಲಪ್, ಡಪ್. ಕೆಟ್ಟ ಎದಿ ನಡುವ ಮತ್ತೊಂದು ಮಾತು ಸೇರಿಸ್ತದ. ಕಮ್ಮಾರನ ತಿದಿ ಊದಿದಂಗ. ಹಚ್ಚು ಕಿವಿ. ಕೇಳಿಸ್ತೇನು?”

ಅವಳಿಗೆ ಕೇಳಿಸಿದ್ದು ತನ್ನ ಎದೆಯ ಬಡಿತ ಒಂದೇ. ಆರು ಜೊತೆ ಕಣ್ಣು ಅವಳ ಮೇಲಿದ್ದವು.

“ಹೌದ್ರಿ,” ಎಂದಳು.

“ಶಾಬಾಸ್. ಕಿವಿ ಚಲೋ ಅದ.”

ರಬ್ಬರಿನ ನಳಿಗೆಯ ಯಂತ್ರ ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಎಷ್ಟು ಮಂದಿಯ ಮೈಗೆ ತಾಗಿದ್ದೋ ಏನೋ, ಮಡಿಯುಟ್ಟವರು ಅದನ್ನು ನೋಡಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದಕ್ಕಾಗಿ ಡಾಕ್ಟರು ಒಂದು ಕಟ್ಟಿಗೆಯ ನಳಿಗೆ ಕೊಟ್ಟರು. ಗೇಣುದ್ದದ್ದು, ಎರಡೂ ತುದಿ ಅಗಲ. ಕಟ್ಟಿಗೆಯಾದರೆ ಪ್ರತಿ ಮನೆಯ ಬಚ್ಚಲಲ್ಲಿ ತೊಳೆದು ಒಳಗೆ ಒಯ್ಯಬಹುದು. “ಏನವಾ, ಒಲಿ ಊದಲಿಕ್ಕೆ ನಿನ್ನ ಕೊಳವಿ ನೀನ ತಂದೀಯೇನು?” ಎಂದು ಮುದುಕಿಯರು ನಗುತ್ತಿದ್ದರು. ಶಾಮಲಾ ತಲೆ ತಗ್ಗಿಸಿ ತಾನೂ ನಗುತ್ತಿದ್ದಳು. ನಗುವುದಕ್ಕೆ ಮಾತು ಬೇಕಾಗುವುದಿಲ್ಲ.

ದವಾಖಾನೆಯಲ್ಲಿ ಕೇಳಿಸದ್ದನ್ನು ಮನೆಯಲ್ಲಾದರೂ ಕಲಿಯಬೇಕೆಂದು ಅವಳು ಹೂಡಿದ ಉಪಾಯವೇ ಮುಂದಿನದಕ್ಕೆಲ್ಲ ಮೂಲ. ತಾಯಿ ಮಡಿಯವಳು, ಮುಟ್ಟಗೊಡುವವಳಲ್ಲ. ಅಣ್ಣ ಪಂಢರಿನಾಥ ಕಚೇರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಉಳಿದವಳು ಅಣ್ಣನ ಹೆಂಡತಿ, ಗೋದಾ ವೈನಿ. ಊಟದ ಎಂಜಲು ಬಳಿದಾದ ಮೇಲೆ ಅವಳು ಚಾಪೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದಳು, ಶಾಮಲಾ ನಳಿಗೆ ಹಚ್ಚುತ್ತಿದ್ದಳು.

“ಏನಂತದ ಶಾಮಾ, ನನ್ನ ಎದಿ? ನಿಮ್ಮ ಅಣ್ಣನ ಹೆಸರೇನರೆ ಹೇಳತದೇನು?”

“ಸುಮ್ಮನಿರ ವೈನಿ, ಕೇಳಸವಲ್ದು.”

ಲಪ್ ಎಂದಿತು. ಅದರ ಬೆನ್ನಿಗೆ ಮೊರದಲ್ಲಿ ನುಚ್ಚು ಕೇರಿದಂಥ ಒಂದು ಮೆತ್ತನೆಯ ಎಳೆತ. ಆಮೇಲೆ ಡಪ್. ಆ ಎಳೆತ ಉಸಿರಿನದು ಎಂದುಕೊಂಡಳು ಶಾಮಲಾ. ತಿದಿ ಎಂದರೆ ತಿದಿಯ ಹಾಗೆ ಭೋರ್ಗರೆಯಬೇಕು, ಇದೇನು ಮಹಾ. ಅಲ್ಲದೆ ವೈನಿ ದಿನಾ ಬೆಳಿಗ್ಗೆ ವಾಡೆಯ ಅಂಗಳದ ನಲ್ಲಿಯಿಂದ ಹದಿನಾಲ್ಕು ಬಿಂದಿಗೆ ನೀರನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿ ಮಾಳಿಗೆಗೆ ತರುವವಳು. ಅವಳೇ ಗಟ್ಟಿ ಅಲ್ಲದಿದ್ದರೆ ಇನ್ನು ಯಾರು ಗಟ್ಟಿ? ಪಾಹಣಿಯ ಮೊದಲ ಹಾಳೆ ವೈನಿಯದಾಯಿತು. ಮನೆಯವಳೇ ಎಂದು ಜ್ವರದ ಪ್ರಶ್ನೆಯನ್ನು ಕೇಳಲೇ ಇಲ್ಲ. ‘ಎದೆಯ ಸಪ್ಪಳದಲ್ಲಿ ದೋಷ’ ಎಂಬ ಅಂಕಣದಲ್ಲಿ ಶಾಮಲಾ ದುಂಡಗೆ ಸೊನ್ನೆ ಬರೆದಳು.

ಅಲ್ಲಿಂದ ಮುಂದೆ ಅವಳು ಕೇಳಿದ ಎದೆಗಳಲ್ಲಿ ಎರಡೇ ಜಾತಿ. ಬರೇ ಲಪ್ ಡಪ್ ಎನ್ನುವವು ಬಹಳ. ನಡುವೆ ನುಚ್ಚು ಕೇರುವವು ಅಲ್ಲೊಂದು ಇಲ್ಲೊಂದು. ಎರಡಕ್ಕೂ ಸೊನ್ನೆಯೇ. ಆದರೆ ದಿನಚರಿಯಲ್ಲಿ, ಆ ದಿನ ಕಂಡವರ ಹೆಸರು ಬರೆಯುವಾಗ, ಎರಡನೆಯ ಜಾತಿಯವರ ಮುಂದೆ ‘ವೈನಿಯ ಹಾಗೆ’ ಎಂದು ಗುರುತು ಹಾಕುತ್ತಿದ್ದಳು. ಗುರುತಿಲ್ಲದ ಮನೆಯಲ್ಲಿ, ಗುರುತಿಲ್ಲದ ಹೆಂಗಸಿನ ಎದೆಯೊಳಗಿಂದ ಮನೆಯ ಸಪ್ಪಳವೊಂದು ಕೇಳಿಬಂದರೆ ಅವಳಿಗೆ ಜೀವಕ್ಕೆ ಸಮಾಧಾನವಾಗುತ್ತಿತ್ತು.

ಭೀಮವ್ವನದೂ ಹಾಗೆಯೇ. ರವಿವಾರ ಪೇಟೆಯಲ್ಲಿ ಅರಿವೆ ವ್ಯಾಪಾರಿ ಹೊಳಬಸಪ್ಪನವರ ಮನೆ. ಅಲ್ಲಿ ಭಾಂಡಿ ತಿಕ್ಕುತ್ತಿದ್ದವಳು ವಿಜಾಪುರದ ಕಡೆಯ ಭೀಮವ್ವ. ಮೂವತ್ತರ ಒಳಗಿನವಳು, ನೋಡಿದರೆ ಐವತ್ತು.

“ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತೇನು?” ಶಾಮಲಾ ಹಾಳೆ ನೋಡಿಕೊಂಡು ಕೇಳಿದಳು.

“ಯವ್ವಾ, ನಮಗ ಸಣ್ಣಾಕಿ ಆಗೂ ಪುರಸತ್ತ ಸಿಗಲಿಲ್ಲ. ಇನ್ನ ಜ್ವರಕ್ಕ ಎಲ್ಲಿ ಸಿಗಬೇಕು?”

“ದಮ್ಮು ಹತ್ತತದೇನು, ಮೆಟ್ಟಲಾ ಏರುವಾಗ?”

“ಈ ಪ್ಯಾಟಿ ಮೆಟ್ಟಲಕ್ಕ ಯಾರಿಗಿ ಹತ್ತೂದಿಲ್ಲ? ಕಟ್ಟಿದ ಗೌಂಡ್ಯಾಗೂ ಹತ್ತೈತಿ.” ಭೀಮವ್ವ ಕಲ್ಲಿನ ಮೇಲೆ ಕೂತು ಉಸಿರು ಎಳೆದುಕೊಂಡಳು. “ಒಂದ ಮಾತ ಕೇಳ್ತೀನ್ರಿ ಅಕ್ಕಾರ. ನೀವು ನೋಡಿ, ನನಗ ಬ್ಯಾನಿ ಐತಿ ಅಂತ ಅವ್ವಾರಿಗಿ ಒಂದ ಮಾತ ಹೇಳಿದ್ರ, ನಾಕ ದಿನ ಬಿಡತಾರ. ಇಲ್ಲಂದ್ರ ಬಿಡಾಣಿಲ್ಲ.”

ಶಾಮಲಾ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದಳು. ನುಚ್ಚು ಕೇರುವುದು ಜೋರಾಗಿಯೇ ಇತ್ತು. ವೈನಿಗಿಂತ ಜೋರು, ಅಷ್ಟೆ. ಇಲ್ಲದ್ದನ್ನು ಇದೆಯೆಂದು ಹೇಳುವುದು ಹೇಗೆ? ಒಳಗಿನಿಂದ ಹೊಳಬಸಪ್ಪನವರ ಹೆಂಡತಿ ಚನ್ನಬಸವ್ವ ಇಣುಕಿ, “ಏನ ಅದ ರೀ ಆಕಿಗೆ?” ಎಂದಾಗ ಶಾಮಲಾ ಮೆಲ್ಲಗೆ, “ಏನೂ ಇಲ್ರಿ,” ಎಂದಳು.

ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಆರುನೂರ ಹನ್ನೆರಡು ಹಾಳೆ ತುಂಬಿದವು. ಡಾಕ್ಟರು ಎಣಿಸಿದರೆ ರೋಗಿಗಳು ಮೂರೇ ಜನ. ಆ ಮೂವರೂ ಶಾಮಲೆಯ ಕಿವಿಗೆ ಸಿಕ್ಕವರಲ್ಲ, ಕಾಲು ಬಾತು, ಮಲಗಿದರೆ ಉಸಿರಾಡಲಾಗದೆ, ತಾವಾಗಿ ದವಾಖಾನೆಗೆ ಬಂದು ಬಿದ್ದವರು. ನೂರಕ್ಕೆ ಅರ್ಧ ಜನ. ಡಾಕ್ಟರ ಮುಖ ಅರಳಿತು. ಪುಸ್ತಕ ಸುಳ್ಳಾಗಲಿಲ್ಲ. ಮುಂಬಯಿಯಲ್ಲಿ ದೊಡ್ಡ ಡಾಕ್ಟರರ ಸಭೆಯಲ್ಲಿ ಇದನ್ನು ಓದುವುದೆಂದಾಯಿತು. ವಾರ್ಡು ಬೇಕಾಗಲಿಲ್ಲವೆಂದು ಮಂಡಳಿಯವರೂ ಹಗುರಾದರು.

ವೈನಿಗೆ ಆಗ ಆರು ತಿಂಗಳು. ಮೆಟ್ಟಿಲ ನಡುವೆ ಬಿಂದಿಗೆ ಇಳಿಸಿ ಕೂಡ್ರುವುದು ಹೆಚ್ಚಾದಾಗ ಪಂಢರಿನಾಥ ತಾಯಿಗೆ ತಿಳಿಯದಂತೆ ಟಾಂಗಾ ಮಾಡಿಕೊಟ್ಟು, ತಂಗಿಯ ಜೊತೆಯಲ್ಲಿ ಅವಳನ್ನು ಹೆರಿಗೆಮನೆಗೆ ಕಳಿಸಿದ. ಅಲ್ಲಿಯ ಡಾಕ್ಟರಬಾಯಿ ಇಂದೂಬಾಯಿ ಕಡಿಮೆ ಮಾತಿನ ಹೆಂಗಸು. ವೈನಿಯ ಎದೆಯ ಮೇಲೆ ರಬ್ಬರಿನ ಯಂತ್ರವಿಟ್ಟವರು ತೆಗೆಯಲೇ ಇಲ್ಲ.

“ಚಿಕ್ಕವಳಿದ್ದಾಗ ಎಂದಾದರೂ ಹಾಸಿಗೆ ಹಿಡಿದಿದ್ದೆಯಾ?” ಎಂದು ಮರಾಠಿಯಲ್ಲಿ ಕೇಳಿದರು.

“ಭೋರದಲ್ಲಿ, ತವರುಮನೆಯಲ್ಲಿ,” ಎಂದಳು ವೈನಿ. “ಹತ್ತು ವರ್ಷದವಳು. ಮಳೆಗಾಲವಿಡೀ ಮಲಗಿದ್ದೆ. ಮೊದಲು ಮೊಣಕಾಲು ಬಾತಿತು, ಅದು ಇಳಿದರೆ ಹಿಮ್ಮಡ, ಅದು ಇಳಿದರೆ ಮೊಣಕೈ. ಅವ್ವ ಉಸುಕು ಕಾಸಿ ಕಾವು ಕೊಡುತ್ತಿದ್ದಳು. ದೀಪಾವಳಿಗೆ ತಾನಾಗಿಯೇ ಹೋಯಿತು.”

ಇಂದೂಬಾಯಿ ಶಾಮಲೆಯ ಕಡೆ ತಿರುಗಿದರು. “ಪಾಹಣಿ ಮಾಡಿದವರು ನೀವೇ ಅಲ್ಲವೆ? ಕೇಳಿ ನೋಡಿ.”

ಶಾಮಲಾ ಕೇಳಿದಳು. ಗುರುತಿನ ಸಪ್ಪಳವೇ. ಲಪ್, ನುಚ್ಚು ಕೇರಿದ್ದು, ಡಪ್.

“ಇದು ಉಸಿರಿನದಲ್ಲವೆ?”

“ಗೋದಾ, ಉಸಿರು ಬಿಗಿ ಹಿಡಿ.”

ವೈನಿ ಕೆನ್ನೆ ಉಬ್ಬಿಸಿ ಉಸಿರು ಹಿಡಿದಳು. ಶಾಮಲಾ ಕಾದಳು. ಲಪ್. ಮೊರದಲ್ಲಿ ನುಚ್ಚು ಮೆಲ್ಲಗೆ ಸರಿಯಿತು. ಡಪ್. ಮತ್ತೆ ಸರಿಯಿತು. ಉಸಿರು ನಿಂತಿದ್ದರೂ ಅದು ನಿಲ್ಲಲಿಲ್ಲ.

ಇಷ್ಟು ಸುಲಭದ ಪರೀಕ್ಷೆ. ಆರುನೂರ ಹನ್ನೆರಡು ಜನರಲ್ಲಿ ಒಬ್ಬಳಿಗಾದರೂ ಉಸಿರು ಹಿಡಿ ಎನ್ನಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

“ಹೃದಯದೊಳಗೆ ಬಾಗಿಲುಗಳಿರುತ್ತವೆ,” ಎಂದರು ಇಂದೂಬಾಯಿ. “ಇವಳದೊಂದು ಸರಿಯಾಗಿ ಮುಚ್ಚುತ್ತಿಲ್ಲ. ಇನ್ನು ಒಂದು ತಂಬಿಗೆ ನೀರನ್ನೂ ಎತ್ತಬಾರದು. ಮೆಟ್ಟಿಲು ಹತ್ತಬಾರದು. ಏಳು ತುಂಬುತ್ತಲೇ ಇಲ್ಲಿ ಬಂದು ಮಲಗಬೇಕು. ಮನೆಯಲ್ಲಿ ಹೆರಿಗೆಯಾದರೆ ತಾಯಿ ಉಳಿಯುವ ಭರವಸೆ ನಾನು ಕೊಡುವುದಿಲ್ಲ.”

ಮನೆಯಲ್ಲಿ ಈ ಸುದ್ದಿ ಮುಟ್ಟಿದಾಗ ರಾಧಾಬಾಯಿ ಅಕ್ಕಿ ಆರಿಸುತ್ತಿದ್ದಳು. ಆರಿಸುವುದನ್ನು ನಿಲ್ಲಿಸಲಿಲ್ಲ.

“ಭೋರದವರು ಬಿರುಕು ಬಿಟ್ಟ ಬಿಂದಿಗಿ ತೊಳದು ತುಳಸಿ ಇಟ್ಟು ಕೊಟ್ಟಾರ ಅನ್ನು. ನಾ ಏನು ಹಡದಿಲ್ಲೇನು? ನಿನ್ನ ಹಡಿಯೂ ದಿನ ಮುಂಜಾನಿ ರುಬ್ಬೀನಿ.”

“ಅವ್ವಾ, ಡಾಕ್ಟರಬಾಯಿ...” ಎಂದ ಪಂಢರಿನಾಥ.

“ಡಾಕ್ಟರಬಾಯಿಗೆ ಮಂಚ ತುಂಬಬೇಕು. ಮನ್ಯಾಗ ಒಬ್ಬಾಕಿ ಎಲ್ಲಾರ ಎದೀನೂ ನೋಡಿ ಬಂದಾಳಲ್ಲ, ಆಕೀನ ಕೇಳು.”

ಪಂಢರಿನಾಥ ತಂಗಿಯನ್ನು ಕೇಳಲಿಲ್ಲ. ಅವಳನ್ನು ಕೇಳಿ ಉತ್ತರ ಪಡೆದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹರಿಶ್ಚಂದ್ರರಾಯರನ್ನೇ ಕರೆತಂದ. ಅವರು ಬರುವಾಗ ಪಾಹಣಿಯ ಮೊದಲ ಹಾಳೆಯನ್ನು ತಂದರು. ವೈನಿಯ ನಾಡಿ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು. ಸೊಸೆಯ ಎದೆ ನೋಡಲೆ ಎಂದು ಅವರು ಕೇಳಲಿಲ್ಲ, ನೋಡಿರಿ ಎಂದು ಅತ್ತೆಯೂ ಹೇಳಲಿಲ್ಲ.

“ರಕ್ತ ಕಡಿಮಿ ಅದ. ಬಸರಿ ಹೆಂಗಸು, ರಕ್ತ ತೆಳ್ಳಗಾದ್ರ ಸಪ್ಪಳ ಬರೂದ,” ಎಂದರು. “ಇಲ್ಲೆ ನೋಡ್ರಿ, ನಿಮ್ಮ ತಂಗಿ ತಾನ ನೋಡಿ ಬರದಾಳ, ಎಪ್ರಿಲ್ ತಿಂಗಳದಾಗ. ಸೊನ್ನಿ. ಆವಾಗ ಇಲ್ಲದ ಹೃದಯರೋಗ ನಾಕ ತಿಂಗಳಿಗೆ ಆಕಾಶದಿಂದ ಬೀಳತದೇನು? ಕಬ್ಬಿಣದ ಟಾನಿಕ್ ಕೊಡ್ರಿ. ಕೆಲಸಾ ಮಾಡಿಕೋತ ಇದ್ರ ಹೆರಿಗಿ ಹಗುರ ಆಗತದ.”

“ಶಾಮಾ, ನೀನ ಬರದದ್ದಲ್ಲ ಇದು?” ಎಂದ ಪಂಢರಿನಾಥ.

ಅಕ್ಷರ ಅವಳದೇ. ಎಲ್ಲರೂ ಅವಳ ಕಡೆ ನೋಡಿದರು, ವೈನಿಯೂ ನೋಡಿದಳು.  ಶಾಮಲಾ ನೆಲದ ಸಗಣಿಯ ಬಳಿತವನ್ನು ನೋಡುತ್ತ, ಹೌದೆಂದು ತಲೆ ಅಲ್ಲಾಡಿಸಿದಳು.

ಮರುದಿನ ಬೆಳಿಗ್ಗೆ ನಲ್ಲಿ ಬಂದಾಗ ವೈನಿ ಬಿಂದಿಗೆ ಎತ್ತಿಕೊಂಡಳು. ಹೋಗುವಾಗ ಶಾಮಲೆಗೆ, “ಹೋಗಲಿ ಬಿಡು, ಅವ್ವನ ಮುಂದ ನೀ ಎಲ್ಲಿ ಮಾತಾಡತಿ,” ಎಂದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಾಗಿತ್ತು.

ಆ ಶನಿವಾರ ಮಧ್ಯಾಹ್ನ ಶಾಮಲಾ ಟ್ರಂಕು ತೆಗೆದು ದಿನಚರಿಯ ಪುಟಗಳನ್ನು ಮೊದಲಿನಿಂದ ತಿರುವಿದಳು. ‘ವೈನಿಯ ಹಾಗೆ’ ಎಂದಿದ್ದ ಕಡೆಯೆಲ್ಲ ಬೆರಳಿಟ್ಟು ಎಣಿಸಿದಳು. ಎಲೆ ಮಾರುವ ತಾಂಬೋಳಿಯ ಸೊಸೆ. ಬೀಡಿ ಕಟ್ಟುವ ಅಕ್ಕತಂಗಿಯರು, ಇಬ್ಬರೂ. ಶಾಲೆಯ ಮಾಸ್ತರರ ಮಗಳು, ಹದಿನಾಲ್ಕು ವರ್ಷ, ‘ಮುಂದಿನ ಮಾಘದಲ್ಲಿ ಮದುವೆಯಂತೆ’ ಎಂದು ಪಕ್ಕದಲ್ಲಿ ಬರೆದಿತ್ತು. ವೈನಿಯನ್ನು ಹಿಡಿದು ಮೂವತ್ತೊಂದು. ಡಾಕ್ಟರ ಮೂವರು ಬೇರೆ. ನೂರಕ್ಕೆ ಅರ್ಧವಲ್ಲ, ನೂರಕ್ಕೆ ಐವರಿಗಿಂತ ಹೆಚ್ಚು. ಸರಿಯಾದ ಲೆಕ್ಕ ಇಷ್ಟು ದಿನ ಸೀರೆಗಳ ಕೆಳಗೆ ಮಲಗಿತ್ತು.

ಆದರೂ ಒಂದು ಆಸೆ ಉಳಿದಿತ್ತು. ಡಾಕ್ಟರು ಅಂದಂತೆ ಅದು ಬರೀ ರಕ್ತ ತೆಳ್ಳಗಾದದ್ದರ ಸಪ್ಪಳವಿರಬಹುದಲ್ಲ? ಭೀಮವ್ವನದು ಎಲ್ಲರಿಗಿಂತ ಜೋರಿತ್ತು. ಅವಳು ಈಗ ಹೇಗಿದ್ದಾಳೆಂದು ನೋಡಿ ಬಂದರಾಯಿತು ಎಂದು ನಳಿಗೆ ಸೆರಗಿನಲ್ಲಿ ಸುತ್ತಿಕೊಂಡು ರವಿವಾರ ಪೇಟೆಗೆ ನಡೆದಳು.

ಹೊಳಬಸಪ್ಪನವರ ಬಚ್ಚಲಲ್ಲಿ ಬೇರೆ ಹೆಂಗಸು ಭಾಂಡಿ ತಿಕ್ಕುತ್ತಿದ್ದಳು.

“ಭೀಮವ್ವ?” ಚನ್ನಬಸವ್ವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು, “ಹೋಗಿ ಹದಿನೈದ ದಿನ ಆತಲ್ರಿ. ಮ್ಯಾಲಿಂದ ನೀರಿನ ಹಂಡೆ ಇಳಿಸಲಿಕ್ಕೆ ಹೋಗಿದ್ಲು. ದಮ್ಮ ಹತ್ತತದ ಅಂತ ಮೆಟ್ಟಲದಾಗ ಕುಂತ್ಲು, ಏಳಲೇ ಇಲ್ಲ. ಭಾಂಡಿ ಅರ್ಧ ಹಂಗ ಬಿದ್ದಿದ್ವು.”

ಶಾಮಲಾ ನಳಿಗೆಯನ್ನು ಸೆರಗಿನಲ್ಲಿ ಇನ್ನಷ್ಟು ಒಳಗೆ ಸರಿಸಿಕೊಂಡಳು.

“ನಡುವ ಎರಡ ಮೂರ ಸಲ ಸುಟಿ ಕೇಳಿದ್ಲು ನೋಡ್ರಿ. ನಾನ ಕೊಡಲಿಲ್ಲ. ನೀವ ಬಂದು ನೋಡಿ ಏನೂ ಇಲ್ಲ ಅಂದಿದ್ರೆಲ್ಲ. ಕಲಿತವ್ರು ಹೇಳಿದ ಮ್ಯಾಲ ನಾವೇನ ತಿಳಕೋಬೇಕ್ರಿ, ಮೈಗಳ್ಳತನ ಅಂತ ತಿಳಕೊಂಡ್ವಿ.” ಚನ್ನಬಸವ್ವ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. “ಕುಂಡ್ರಿ, ಚಾ ಮಾಡ್ತೀನಿ.”

ಶಾಮಲಾ ಚಹಕ್ಕೆ ಕೂಡ್ರಲಿಲ್ಲ.

ಮನೆಗೆ ಬಂದಾಗ ಸಂಜೆಯ ನಲ್ಲಿ ಬಿಟ್ಟಿತ್ತು. ವೈನಿ ಅಂಗಳದಲ್ಲಿ ಬಿಂದಿಗೆ ತುಂಬಿ ಸೊಂಟಕ್ಕೇರಿಸುತ್ತಿದ್ದಳು. ಪಾದ ಬಾತು ಕಾಲುಂಗುರದ ಸುತ್ತ ಮಾಂಸ ಏರಿತ್ತು.

“ಇಲ್ಲೆ ಕೊಡು,” ಎಂದಳು ಶಾಮಲಾ.

“ಬ್ಯಾಡವಾ. ಅತ್ತ್ಯಾ ಕಿಡಕ್ಯಾಗ ನಿಂತಾರ. ಬಿ.ಎ. ಆದಾಕಿ ಸೊಂಟಕ್ಕ ಬಿಂದಿಗಿ ಒಪ್ಪೂದಿಲ್ಲ ಅಂತಾರ.” ವೈನಿ ನಕ್ಕಳು, ನಗುವಿನ ನಡುವೆ ಉಸಿರು ತುಂಡಾಯಿತು. “ನೀ ಮ್ಯಾಲ ನಡಿ. ನಿಮ್ಮ ಡಾಕ್ಟರು ಬಂದು ಕುಂತಾರ, ಸಹಿ ಬೇಕಂತ ನಿಂದು. ನಾ ಹಿಂದ ಬಂದೆ.”

ಹನ್ನೊಂದನೆಯ ಮೆಟ್ಟಿಲಿಗೆ ವೈನಿ ಕೂತದ್ದು ಶಾಮಲೆಗೆ ತಿರುಗಿ ನೋಡದೆಯೇ ತಿಳಿಯಿತು. ಹಿತ್ತಾಳೆ ಕಲ್ಲಿಗೆ ತಾಗಿದ ಸದ್ದು ಕೇಳಿತ್ತು.

ಒಳಗೆ ಹರಿಶ್ಚಂದ್ರರಾಯರು ಕುರ್ಚಿಯಲ್ಲಿ, ಪಂಢರಿನಾಥ ಚಾಪೆಯಲ್ಲಿ, ರಾಧಾಬಾಯಿ ಕಿಟಕಿಯ ಹತ್ತಿರ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ.

“ಬಾರವಾ,” ಎಂದರು ಡಾಕ್ಟರು. “ಸೋಮವಾರ ಮುಂಬಯಿಗೆ ಹೊಂಟೀನಿ. ಆರುನೂರ ಹನ್ನೆರಡು ಮಂದೀನ್ನೂ ಸ್ವತಃ ಕಿವಿಯಿಂದ ಕೇಳಿ ಬರದೀನಿ ಅಂತ ನಿನ್ನ ಸಹಿ ಒಂದು ಬೇಕು. ಸಭಾದಾಗ ನಿನ್ನ ಹೆಸರೂ ಓದತೀನಿ. ನೋಡ್ರಿ ರಾಧಾಬಾಯಿ, ಮಗಳ ಹೆಸರು ಮುಂಬಯಿ ಮುಟ್ಟತದ.”

“ಮುಟ್ಟಲಿ,” ಎಂದಳು ರಾಧಾಬಾಯಿ. “ಬಾಯಿಲೆ ಆಗದ್ದು ಕಿವೀಲೇರೆ ಆತು.”

ಡಾಕ್ಟರು ನಕ್ಕು ಪೆನ್ನಿನ ಟೋಪಿ ತೆಗೆದು ಅವಳ ಕೈಗೆ ಕೊಟ್ಟರು. ಶಾಮಲಾ ಹಾಳೆ ನೋಡಿದಳು. ಮೂರು ಎಂಬ ಅಂಕಿ, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಅವಳ ಹೆಸರಿಗೆ ಬಿಟ್ಟ ಖಾಲಿ ಜಾಗ.

ಬಾಗಿಲಲ್ಲಿ ವೈನಿ ಕಾಣಿಸಿಕೊಂಡಳು. ಬಿಂದಿಗೆ ಇಳಿಸಿದಳು. ಚೌಕಟ್ಟು ಹಿಡಿದು ನಿಂತು, ನಿಲ್ಲಲಾರದೆ ಹೊಸ್ತಿಲ ಮೇಲೆಯೇ ಕೂತಳು. ತುಟಿ ನೇರಳೆಯಾಗಿತ್ತು. ಹೊಸ್ತಿಲ ಮೇಲೆ ಕೂಡ್ರಬಾರದೆಂದು ರಾಧಾಬಾಯಿ ಬಾಯಿ ತೆರೆದವಳು, ಸೊಸೆಯ ಮುಖ ನೋಡಿ ಮುಚ್ಚಿದಳು. ವೈನಿಯ ಉಸಿರು ಕಿಟಕಿಯವರೆಗೂ ಕೇಳುತ್ತಿತ್ತು.

“ಸಹಿ ಮಾಡು,” ಎಂದ ಪಂಢರಿನಾಥ.

ಶಾಮಲಾ ಪೆನ್ನನ್ನು ಹಾಳೆಯ ಮೇಲೆ ಅಡ್ಡ ಮಲಗಿಸಿದಳು. ನಾಲ್ಕು ಜನ ಅವಳ ಕಡೆ ನೋಡುತ್ತಿದ್ದರು. ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿತು. ಅವಳು ಅದನ್ನು ಬಿಡಿಸಿಕೊಂಡಳು.

“ಅವತ್ತು ದವಾಖಾನ್ಯಾಗ ನೀವು ಕೇಳಿಸ್ತೇನು ಅಂದ್ರಿ,” ಎಂದಳು. ದನಿ ತನ್ನದೇ ಎನಿಸದಷ್ಟು ಜೋರಾಗಿತ್ತು. “ನನಗ ಏನೂ ಕೇಳಿಸಿರಲಿಲ್ಲರಿ. ಹೌದ್ರಿ ಅಂದೆ.”